ಪರ್ಮಿಟ್ಟಿನ ಕಾಲದ ಮನೆ, ಸಾಲದ ಕಾಲದ ಫ್ಲ್ಯಾಟು

ಎಂಬತ್ತರ ದಶಕದ ಆರಂಭದ ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರ ಮೊದಲ ಚಿಂತೆ ಪ್ಲಾನಲ್ಲ, ಸಿಮೆಂಟು. ಅದರ ಬೆಲೆ, ಹಂಚಿಕೆ ಎರಡೂ ಸರ್ಕಾರದ ಕೈಯಲ್ಲಿದ್ದವು. 1982ರಲ್ಲಿ ಹಿಡಿತ ಒಂದಿಷ್ಟು ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಹಿಡಿತವಿದ್ದ ದಿನಗಳಲ್ಲಿ ಆರ್ಕಿಟೆಕ್ಟ್ ಒಬ್ಬರ ಆಫೀಸಿನಲ್ಲಿ ಟ್ರೇಸಿಂಗ್ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದ ನನಗೆ, ಸಜ್ಜಾ ಎಷ್ಟು ಮುಂದೆ ಬರಬೇಕೆಂಬುದು ಸೌಂದರ್ಯದ ಪ್ರಶ್ನೆ ಎಂದೇ ಅನ್ನಿಸಿತ್ತು. ಪರ್ಮಿಟ್ಟಿನಲ್ಲಿ ಎಷ್ಟು ಮೂಟೆ ಸಿಕ್ಕಿದೆ ಎಂದು ಮೇಸ್ತ್ರಿ ಕೇಳಿದಾಗ ಗೆರೆ ಹಿಂದೆ ಸರಿಯುತ್ತಿತ್ತು.

ಆ ಕಾಲದ ಕಟ್ಟಡಗಳನ್ನು ಈಗ ಸರಳ, ಪ್ರಾಮಾಣಿಕ ಎಂದು ಹೊಗಳುತ್ತಾರೆ. ಲೆಕ್ಕದ ಪುಸ್ತಕ ತೆರೆದರೆ ಬೇರೆ ಕಥೆ ಕಾಣುತ್ತದೆ. ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ 1972ರಲ್ಲಿ ಕಟ್ಟಿದ ಹಾಲ್ ಆಫ್ ನೇಷನ್ಸ್‌ನ ಹಂದರವನ್ನು ಬೇರೆ ದೇಶದಲ್ಲಾದರೆ ಉಕ್ಕಿನಲ್ಲಿ ಜೋಡಿಸುತ್ತಿದ್ದರು. ನಮ್ಮಲ್ಲಿ ಉಕ್ಕು ದುಬಾರಿ, ಕೂಲಿ ಅಗ್ಗ. ಹಾಗಾಗಿ ಜನ ಅದನ್ನು ಕಾಂಕ್ರೀಟಿನಲ್ಲಿ ಸ್ಥಳದಲ್ಲೇ ಎರಕ ಹೊಯ್ದರು. ಕೇರಳದಲ್ಲಿ ಲಾರಿ ಬೇಕರ್ ಹಂಚುಗಳನ್ನಿಟ್ಟು ಛಾವಣಿಯ ಕಾಂಕ್ರೀಟು ಉಳಿಸಿದರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಮಣ್ಣಿನ ಇಟ್ಟಿಗೆಯನ್ನು ಗಟ್ಟಿ ಮಾಡುವ ದಾರಿ ಹುಡುಕಿದರು. ಜಾಣತನ ಅವರದು ನಿಜ. ಆದರೆ ಅಭಾವ ಮತ್ತು ಅಗ್ಗದ ಕೂಲಿ ಎರಡೂ ಆ ಜಾಣತನದ ಪಾಲುದಾರರು.

ಆಫೀಸು ಬಿಟ್ಟು ಪಾಠ, ಸಂಶೋಧನೆಗೆ ಇಳಿದ ಮೇಲೆ ಈ ಲೆಕ್ಕ ಓದುವುದೇ ನನ್ನ ಕಸುಬಾಯಿತು. ಈಗ ಸಿಮೆಂಟು ಬೀದಿ ಬೀದಿಯಲ್ಲಿ ಸಿಗುತ್ತದೆ, ತುಟ್ಟಿಯಾಗಿರುವುದು ನೆಲ. ಅಪಾರ್ಟ್‌ಮೆಂಟಿನ ಎತ್ತರ ಹುಟ್ಟುವುದು ಸೈಟಿನ ಅಳತೆ, ಮುಂದಿನ ರಸ್ತೆಯ ಅಗಲ, ಅದಕ್ಕೆ ತಕ್ಕಂತೆ ಸೈಟಿನ ಎಷ್ಟು ಪಟ್ಟು ಕಟ್ಟಬಹುದೆಂದು ಹೇಳುವ ಎಫ್‌ಎಆರ್‌ನಿಂದ. ಎಷ್ಟು ಬೆಡ್‌ರೂಮು ಎಂಬುದನ್ನು ಕೊಳ್ಳುವವನ ಮಾಸಿಕ ಕಂತು ನಿರ್ಧರಿಸುತ್ತದೆ. ಲಾಬಿ, ಮೆಟ್ಟಿಲನ್ನೂ ಸೇರಿಸಿ ‘ಸೂಪರ್ ಬಿಲ್ಟ್‌ಅಪ್’ ಎಂದು ಮಾರುವ ರೂಢಿ ಎಷ್ಟು ಬೆಳೆಯಿತೆಂದರೆ, ಕಾರ್ಪೆಟ್ ಏರಿಯಾ ಎಂದರೇನು ಎಂಬುದನ್ನು 2016ರ ರಿಯಲ್ ಎಸ್ಟೇಟ್ ಕಾಯ್ದೆ ‘ರೇರಾ’ ಬರೆದು ಹೇಳಬೇಕಾಯಿತು. ಪರ್ಮಿಟ್ಟಿನ ಕಾಲದಲ್ಲಿ ಮನೆಯವರು ಅಡುಗೆಮನೆಯ ಕಟ್ಟೆಗಾಗಿ ನಮ್ಮೊಂದಿಗೆ ಜಗಳವಾಡುತ್ತಿದ್ದರು. ಈಗ ಫ್ಲ್ಯಾಟು ಕೊಳ್ಳುವವರಿಗೆ ಆರ್ಕಿಟೆಕ್ಟ್ ಯಾರೆಂದು ಗೊತ್ತಿರುವುದೇ ಅಪರೂಪ. ಆರ್ಕಿಟೆಕ್ಟರ ಗಿರಾಕಿ ಈಗ ಬಿಲ್ಡರ್.

ಕಾನೂನು ಈ ವೃತ್ತಿಗೆ ಕೊಟ್ಟಿದ್ದಾದರೂ ಏನು? 1972ರ ಆರ್ಕಿಟೆಕ್ಟ್ಸ್ ಕಾಯ್ದೆ ‘ಆರ್ಕಿಟೆಕ್ಟ್’ ಎಂಬ ಬಿರುದನ್ನು ಕಾಯುತ್ತದೆ, ಕೆಲಸವನ್ನಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಸ್ಪಷ್ಟಪಡಿಸಿತು. ಮೇಸ್ತ್ರಿಯೂ ಕಂಟ್ರಾಕ್ಟರೂ ಪ್ಲಾನು ಬರೆಸಿಕೊಂಡು ಮನೆ ಕಟ್ಟುವುದು ಅಂದೂ ಇತ್ತು, ಇಂದೂ ಇದೆ.

ಆಫೀಸುಗಳಲ್ಲಿ ಅಮೋನಿಯಾ ಪ್ರಿಂಟಿನ ಘಾಟು ಹೋಗಿದೆ, ಬ್ಲೇಡಿನಿಂದ ಗೆರೆ ಕೆರೆಯುವ ಕೆಲಸ ತಪ್ಪಿದೆ. ನನಗೇನೂ ಬೇಸರವಿಲ್ಲ, ಕಣ್ಣೂ ಬೆನ್ನೂ ಹಾಳಾಗುತ್ತಿದ್ದ ಕೆಲಸ ಅದು. ಬದಲಾಗದಿರುವುದು ಸಂಬಳದ ಮಾತು. ‘ಮೊದಲು ಕಲೀರಿ, ದುಡ್ಡು ಆಮೇಲೆ’ ಎಂದು ನನಗೆ ಹೇಳಿದ್ದರು. ಐದು ವರ್ಷ ಓದಿ ಬಂದ ನನ್ನ ವಿದ್ಯಾರ್ಥಿಗಳೂ ಅದನ್ನೇ ಕೇಳಿಸಿಕೊಂಡು ಬರುತ್ತಾರೆ. ಅದಕ್ಕೇ ಯಾವುದೇ ಕಟ್ಟಡದ ಅಧ್ಯಯನಕ್ಕೆ ಹೊರಟರೂ ಅವರಿಂದ ಮೊದಲು ಬರೆಸುವುದು ನಾಲ್ಕು ಅಂಕಣಗಳನ್ನು: ನೆಲಕ್ಕೆಷ್ಟು, ಬಡ್ಡಿಗೆಷ್ಟು, ಗಾರೆಯವರಿಗೆಷ್ಟು, ಡ್ರಾಯಿಂಗ್ ಮಾಡಿದವರಿಗೆಷ್ಟು. ಮೊದಲೆರಡು ಬೇಗ ತುಂಬುತ್ತವೆ. ಕೊನೆಯೆರಡಕ್ಕೆ ಅಂಕಿ ಕೇಳಲು ಹೋದಾಗಲೇ ಅವರ ಸಂಶೋಧನೆ ಶುರುವಾಗುವುದು.