ಸುಂಕದವನ ಮುಂದೆ ಸುಖದುಃಖ

ಸರಕನ್ನು ಸುಡದೆ, ಬೀದಿಗೆ ಎಸೆಯದೆ, ಇದ್ದಲ್ಲೇ ಇರಿಸಿ ಇಲ್ಲವಾಗಿಸುವ ಉಪಾಯವೊಂದುಂಟು. ಅದು ಇರುವ ಜಾಗವನ್ನು ಯಾರಿಗೂ ಹೇಳದಿದ್ದರಾಯಿತು. ದೊಡ್ಡ ಪುಸ್ತಕಭಂಡಾರಗಳಲ್ಲಿ ಓಡಾಡಿದವರು ಇದನ್ನು ಬಲ್ಲರು. ಪುಸ್ತಕ ಕಪಾಟಿನಲ್ಲಿಯೇ ಇದೆ. ಸೂಚಿಯಲ್ಲಿ ಮಾತ್ರ ಅದರ ಹೆಸರಿಲ್ಲ. ಅಂಥ ಪುಸ್ತಕವನ್ನು ಗೆದ್ದಲು ತಿಂದರೂ ಒಂದೇ, ಬಿಟ್ಟರೂ ಒಂದೇ.

2025ರ ಜುಲೈ ತಿಂಗಳಿನಲ್ಲಿ ಇಂಥದೇ ಪ್ರಸಂಗವೊಂದು ನಡೆಯಿತು. ಇಚ್ ಡಾಟ್ ಐಓ ಎಂಬುದು ಕಂಪ್ಯೂಟರ್ ಆಟಗಳ ಒಂದು ಸಂತೆ. ಅಮೆರಿಕದ ಲೀಫ್ ಕಾರ್ಕೊರನ್ ಎಂಬವರು 2013ರಲ್ಲಿ ಇದನ್ನು ತೆರೆದರು. ದೊಡ್ಡ ಕಂಪೆನಿಗಳ ಆಸರೆಯಿಲ್ಲದೆ ಒಬ್ಬರೋ ಇಬ್ಬರೋ ಕೂಡಿ ರಚಿಸಿದ ಆಟಗಳಿಗೆ ಇದು ಆಶ್ರಯ. ಇಲ್ಲಿ ಬೆಲೆ ಕಟ್ಟುವವನು ರಚಿಸಿದವನೇ. ಸಂತೆಯ ಒಡೆಯನ ಪಾಲನ್ನು ಗೊತ್ತುಮಾಡುವವನೂ ಅವನೇ. ಆ ಪಾಲು ಸೊನ್ನೆಯಾದರೂ ಅಡ್ಡಿಯಿಲ್ಲ.

ಈ ಉದಾರ ಸಂತೆಯಲ್ಲಿ, ವಯಸ್ಕರಿಗೆಂದು ಗುರುತು ಹಾಕಿದ್ದ ಕೃತಿಗಳೆಲ್ಲವೂ ಒಮ್ಮೆಗೇ ಹುಡುಕುವವರ ಕಣ್ಣಿಗೆ ಮರೆಯಾದವು. ರಚಿಸಿದವರಿಗೆ ಮುನ್ಸೂಚನೆಯೂ ಇರಲಿಲ್ಲ. ಸ್ತ್ರೀಯರ ಮೇಲಿನ ಅತ್ಯಾಚಾರವನ್ನೇ ವಿನೋದವಾಗಿಸಿದ್ದ ಒಂದು ಆಟ ಅದೇ ವರ್ಷ ಹೊರಬಂದು ಕೋಲಾಹಲವೆದ್ದಿತ್ತು. ಕಲೆಕ್ಟಿವ್ ಶೌಟ್ ಎಂಬ ಆಸ್ಟ್ರೇಲಿಯದ ಸಂಘ ಇಂಥ ಆಟಗಳ ವಿರುದ್ಧ ನೇರವಾಗಿ ಹಣ ಸಾಗಿಸುವ ಕಂಪೆನಿಗಳಿಗೇ ಪತ್ರ ಬರೆಯಿತು. ಆ ಕಂಪೆನಿಗಳು ಕೈಬಿಟ್ಟರೆ ವ್ಯಾಪಾರವೇ ನಿಂತೀತೆಂದು ಸಂತೆಯ ಒಡೆಯರು ಒಂದೇ ಏಟಿಗೆ ಪರದೆ ಎಳೆದರು.

ಅಂಥ ಆಟ ನಮ್ಮ ಮನೆಯೊಳಗೆ ಬರಬೇಕೆಂದು ಯಾರೂ ಬಯಸರು. ಸಂಘದವರ ಸಿಟ್ಟನ್ನು ನಾನು ಅಲ್ಲಗಳೆಯಲಾರೆ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಚಿಕಿತ್ಸೆ ಎಲ್ಲಿಯದು? ಮರೆಯಾದವುಗಳ ಪೈಕಿ ‘ಲಾಸ್ಟ್ ಕಾಲ್’ ಎಂಬ ಆಟವೂ ಇತ್ತೆಂದು ವರದಿಯಾಯಿತು. ಅದರ ವಸ್ತು ಮನೆಯೊಳಗಿನ ಹಿಂಸೆಯನ್ನು ಅನುಭವಿಸಿದವರ ನೋವು. ಸ್ತ್ರೀಯ ಮೇಲಿನ ಹಿಂಸೆಯನ್ನು ತಡೆಯಲೆಂದು ಎಳೆದ ಪರದೆ, ಆ ಹಿಂಸೆಯನ್ನು ಹೇಳಿಕೊಂಡ ದನಿಯನ್ನೂ ಮುಚ್ಚಿತು!

ಇನ್ನು ದೂರುಗಳ ಕಥೆ. ರಚಿಸಿದವರು ಸಂತೆಯ ಒಡೆಯರಿಗೆ ಮೊರೆಯಿಟ್ಟರು. ಒಡೆಯರು ಹಣದ ಕಂಪೆನಿಗಳತ್ತ ಬೆರಳು ತೋರಿದರು. ಜನ ಕಾರ್ಡಿನ ಕಂಪೆನಿಗಳಿಗೆ ಫೋನು ಮಾಡಿಯೇ ಮಾಡಿದರು. ಆಗಸ್ಟ್ 1ರಂದು ಮಾಸ್ಟರ್‌ಕಾರ್ಡ್ ಸಂಸ್ಥೆ, ತಾನು ಯಾವ ಆಟವನ್ನೂ ಪರೀಕ್ಷಿಸಿಲ್ಲ, ನಿರ್ಬಂಧಿಸೆಂದು ಹೇಳಿಯೂ ಇಲ್ಲ ಎಂದು ಸಾರಿತು. ಆಜ್ಞೆ ಮಾಡಿದವರೇ ಇಲ್ಲ. ಶಿಕ್ಷೆ ಮಾತ್ರ ಜಾರಿಗೆ ಬಂದಿದೆ! ಜುಲೈ ಕೊನೆಯ ಹೊತ್ತಿಗೆ ಉಚಿತ ಕೃತಿಗಳನ್ನು ಮತ್ತೆ ಸೂಚಿಗೆ ಸೇರಿಸತೊಡಗಿದರು; ಬೆಲೆಯುಳ್ಳವು ಕಾಯಬೇಕಾಯಿತು. ಹಣದ ದಾರಿ ಹಿಡಿಯದ ಸರಕಿಗೆ ಸುಂಕದವನ ಭಯವೆಲ್ಲಿ?

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದರು ನಮ್ಮ ಹಿರಿಯರು. ಅವರ ಕಾಲದ ಸುಂಕದವನಿಗಾದರೂ ಒಂದು ಕಟ್ಟೆಯಿತ್ತು, ಮುಖವಿತ್ತು. ಒಂದು ಕೃತಿ ಕೆಟ್ಟದ್ದಾದರೆ ಅದನ್ನು ಹೆಸರಿಟ್ಟು ತಳ್ಳಲಿ, ಕಾರಣ ಹೇಳಲಿ, ಬರೆದವನ ಮಾತನ್ನೂ ಕೇಳಲಿ. ನ್ಯಾಯಾಲಯ ಕಳ್ಳನಿಗೂ ಇಷ್ಟನ್ನು ಕೊಡುತ್ತದೆ. ಇಂದು ಆಟಗಳ ಸಂತೆಗೆ ಬಂದದ್ದು ನಾಳೆ ಪುಸ್ತಕದ ಅಂಗಡಿಗೆ ಬಾರದೆಂದು ಹೇಳುವವರು ಯಾರು?