ಕೂಜಿಯ ಹಸಿರು ಅಂಗಿಗಳು

2025ರ ಆಷಾಢದಲ್ಲಿ ಮಗಳ ಮನೆಗೆಂದು ಸಿಡ್ನಿ ನಗರಕ್ಕೆ ಹೋಗಿ ಎರಡು ತಿಂಗಳು ಅಲ್ಲಿರುವ ಯೋಗ ನಮಗೆ ಒದಗಿತು. ನಮ್ಮಲ್ಲಿ ಮಳೆಗಾಲವಿದ್ದಾಗ ಅಲ್ಲಿ ಚಳಿಗಾಲ. ಮಗಳು, ಅಳಿಯಂದಿರು ವಾಸವಾಗಿರುವುದು ನಗರದ ಪಶ್ಚಿಮಕ್ಕೆ, ಪ್ಯಾರಮ್ಯಾಟಾದ ಸಮೀಪ. ಹೋದ ಎರಡನೆಯ ದಿನವೇ ಹನ್ನೊಂದು ವರ್ಷದ ಮೊಮ್ಮಗನು ಸಿಪ್ಪೆ ಸುಲಿಯದ ತೆಂಗಿನಕಾಯಿಯಂತಹ ಚೆಂಡೊಂದನ್ನು ನಮ್ಮ ಕೈಗಿತ್ತು, "ಅಜ್ಜಾ, ನಾನು ರಗ್ಬಿ ಯೂನಿಯನ್ ಆಡಬೇಕು. ಆದರೆ ನಮ್ಮ ಶಾಲೆಯಲ್ಲಿ ತಂಡವೇ ಇಲ್ಲ" ಎಂದು ದೂರಿದನು. ಬಾಲ್ಯದಲ್ಲಿ ಮಠದ ಅಂಗಳದಲ್ಲಿ ಹುತುತು ಆಡಿದ್ದಷ್ಟೇ ನಮ್ಮ ಕ್ರೀಡಾಪಾಂಡಿತ್ಯ. ಆದರೂ ಜಗತ್ತಿನ ಕಿರೀಟವನ್ನು ಎರಡು ಬಾರಿ ಧರಿಸಿದ ದೇಶದಲ್ಲಿ ಒಬ್ಬ ಬಾಲಕನಿಗೆ ಆ ಆಟವು ಸಿಗದಿರುವುದೇಕೆ ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ಅಳಿಯಂದಿರು ವಿವರಿಸಿದರು. ಅಲ್ಲಿ ರಗ್ಬಿಯು ಒಂದಲ್ಲ, ಎರಡು. ಹದಿನೈದು ಜನರ ಯೂನಿಯನ್ ಹಳೆಯದು. ಹದಿಮೂರು ಜನರ ಲೀಗ್ ಅದರಿಂದ ಒಡೆದು ಬಂದದ್ದು. ಆಟದಲ್ಲಿ ಗಾಯಗೊಂಡ ಕೂಲಿಕಾರನಿಗೆ ಕೆಲಸ ತಪ್ಪಿದ ದಿನಗಳ ಪರಿಹಾರವನ್ನೂ ಕೊಡಲೊಲ್ಲದ ಹಳೆಯ ಮಂಡಳಿಯ ಮೇಲಿನ ಅಸಮಾಧಾನದಿಂದ 1907ರಲ್ಲಿ ಸಿಡ್ನಿಯಲ್ಲಿ ಲೀಗ್ ಸ್ಥಾಪನೆಯಾಯಿತು. ದುಡಿಯುವ ಜನರು ಅತ್ತ ಹೋದರು. ಯೂನಿಯನ್ ಮಾತ್ರ 1995ರವರೆಗೆ ಸಂಭಾವನೆಯಿಲ್ಲದ ಆಟವೆಂದೇ ಹೇಳಿಕೊಳ್ಳುತ್ತ, ವರ್ಷಕ್ಕೆ ಹತ್ತಾರು ಸಾವಿರ ಡಾಲರ್ ಶುಲ್ಕ ಪಡೆಯುವ ಖಾಸಗಿ ಶಾಲೆಗಳ ಹುಲ್ಲುಹಾಸಿನ ಮೇಲೆ ಬೇರುಬಿಟ್ಟಿತು. ನಮ್ಮ ಮೊಮ್ಮಗನದು ಸರ್ಕಾರಿ ಶಾಲೆ. ಆ ಪ್ರದೇಶದಲ್ಲಿ ಲೀಗಿನದೇ ರಾಜ್ಯಭಾರ.

ಒಂದು ಶನಿವಾರ ಎಲ್ಲರೂ ಕೂಜಿಗೆ ಹೊರಟೆವು. ಪ್ಯಾರಮ್ಯಾಟಾದಿಂದ ರೈಲಿನಲ್ಲಿ ನಗರಮಧ್ಯಕ್ಕೆ, ಅಲ್ಲಿಂದ ಟ್ರಾಮಿನಲ್ಲಿ ರ್‍ಯಾಂಡ್‌ವಿಕ್‌ಗೆ, ಆಮೇಲೆ ಇಳಿಜಾರಿನ ಹಾದಿಯಲ್ಲಿ ನಡಿಗೆ. ಹಾದಿಯ ಕೊನೆಗೆ ಸಮುದ್ರ. ಸಮುದ್ರದ ದಂಡೆಗೆ ಹತ್ತಿರದಲ್ಲಿಯೇ ಕೂಜಿ ಓವಲ್ ಎಂಬ ಮೈದಾನ. 1882ರಲ್ಲಿ ಹುಟ್ಟಿದ ರ್‍ಯಾಂಡ್‌ವಿಕ್ ಕ್ಲಬ್ಬಿನ ಮನೆಯಂಗಳ ಅದು. ದಟ್ಟ ಹಸಿರು ಅವರ ಅಂಗಿಯ ಬಣ್ಣ. ಜನರು ಹುಲ್ಲಿನ ಮೇಲೆ ಕುಳಿತು ನೋಡುತ್ತಾರೆ. ಮಕ್ಕಳು ಗೆರೆಯಾಚೆ ತಮ್ಮದೇ ಚೆಂಡು ಎಸೆದಾಡುತ್ತಾರೆ. ಸುತ್ತಲಿನವರು ತಿನ್ನುತ್ತಿದ್ದುದು ನಮಗೆ ಸಲ್ಲದ್ದು. ಮಗಳು ಕಟ್ಟಿ ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳು ಸಮುದ್ರದ ಗಾಳಿಯಲ್ಲಿ ಎಂದಿಗಿಂತ ರುಚಿಸಿದವು.

ಆಟವನ್ನು ಮೊದಲ ಬಾರಿಗೆ ನೋಡುವವರಿಗೆ ಅದು ಬರಿಯ ನೂಕಾಟದಂತೆ ಕಾಣುವುದು. ಅರ್ಧ ಗಂಟೆ ಕಳೆದ ಮೇಲೆ ಅದರೊಳಗಿನ ಧರ್ಮಸೂಕ್ಷ್ಮ ನಮಗೆ ಹೊಳೆಯತೊಡಗಿತು. ಆಟಗಾರನು ಮುಂದಕ್ಕೆ ಓಡಬೇಕು. ಕೈಯಿಂದ ಚೆಂಡನ್ನು ಮಾತ್ರ ಮುಂದಕ್ಕೆ ಕೊಡುವಂತಿಲ್ಲ, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಎದುರಾಳಿಯ ಕೊನೆಗೆರೆಯಾಚೆ ನೆಲಕ್ಕೆ ಚೆಂಡು ಮುಟ್ಟಿಸಿದರೆ ಅದು 'ಟ್ರೈ', ಅದಕ್ಕೆ 5 ಅಂಕ. ಸಣ್ಣ ತಪ್ಪಿನ ನಂತರ ಎರಡೂ ಕಡೆಯ ಎಂಟೆಂಟು ಬಲಿಷ್ಠರು ಹೋರಿಗಳಂತೆ ತಲೆಗೂಡಿಸಿ ಒತ್ತುವುದು 'ಸ್ಕ್ರಮ್'. ಬಲವೆಲ್ಲ ಆ ಎಂಟು ಜನರಲ್ಲಿ, ಚಾತುರ್ಯವೆಲ್ಲ ಹಿಂದಿನ ಏಳು ಜನರಲ್ಲಿ ಎಂದು ಸ್ಥೂಲವಾಗಿ ಹೇಳಬಹುದು.

ಆಸ್ಟ್ರೇಲಿಯಾದ ಹೆಸರು ಹಬ್ಬಿದ್ದು ಆ ಏಳು ಜನರಿಂದ. ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು ನಮ್ಮ ಕುತೂಹಲವನ್ನು ಕಂಡು, "ಎಲ್ಲಾ ಸಹೋದರರು ಆಡಿದ ಮೈದಾನ ಇದು" ಎಂದರು. 'ಎಲ್ಲಾ' ಎಂಬುದು ಅವರ ಮನೆತನದ ಹೆಸರು; ಎಲ್ಲರೂ ಎಂದು ನಾವು ತಪ್ಪು ತಿಳಿದುದಕ್ಕೆ ಮೊಮ್ಮಗ ಬಹಳ ಹೊತ್ತು ನಕ್ಕನು. ಮಾರ್ಕ್ ಮತ್ತು ಗ್ಲೆನ್ ಅವಳಿಗಳು, ಗ್ಯಾರಿ ಕಿರಿಯವನು. ಅಲ್ಲಿಂದ ದಕ್ಷಿಣಕ್ಕೆ ಬಾಟನಿ ಕೊಲ್ಲಿಯ ದಂಡೆಯ ಲಾ ಪೆರೂಸ್ ಅವರ ಊರು; ಆ ನೆಲದ ಮೂಲನಿವಾಸಿಗಳ ಕುಟುಂಬ; ಮನೆಯಲ್ಲಿ ಹನ್ನೆರಡು ಮಕ್ಕಳು. ಮೂವರೂ ಓದಿದ್ದು ಮ್ಯಾಟ್ರವಿಲ್ ಎಂಬಲ್ಲಿಯ ಸರ್ಕಾರಿ ಪ್ರೌಢಶಾಲೆಯಲ್ಲಿ. 1977–78ರಲ್ಲಿ ಬ್ರಿಟನ್ನಿಗೆ ಹೋಗಿ ಒಂದೂ ಪಂದ್ಯ ಸೋಲದೆ ಬಂದ ಆಸ್ಟ್ರೇಲಿಯಾದ ಶಾಲಾಬಾಲಕರ ತಂಡದಲ್ಲಿ ಈ ಮೂವರೂ ಇದ್ದರು. ಎದುರಾಳಿಯ ಎದೆಯ ಹತ್ತಿರಕ್ಕೆ ಹೋಗಿ, ಕೊನೆಯ ಕ್ಷಣದಲ್ಲಿ ಚೆಂಡನ್ನು ಕೈಯಿಂದ ಕೈಗೆ ದಾಟಿಸುವುದು ಅವರ ವಿದ್ಯೆ. 1982ರಲ್ಲಿ ಮಾರ್ಕ್ ದೇಶದ ತಂಡಕ್ಕೆ ನಾಯಕನಾದನು. 1984ರ ಪ್ರವಾಸದಲ್ಲಿ ಇಂಗ್ಲೆಂಡ್, ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ನಾಲ್ಕನ್ನೂ ಆಸ್ಟ್ರೇಲಿಯಾ ಗೆದ್ದಾಗ ನಾಲ್ಕು ಪಂದ್ಯಗಳಲ್ಲಿಯೂ ಅವನು ಟ್ರೈ ಗಳಿಸಿದನು. ಇಪ್ಪತ್ತೈದರ ವಯಸ್ಸಿಗೇ ಆಟ ಬಿಟ್ಟನು!

ಮರುವಾರ ಬಸ್ಸು ಹಿಡಿದು ಲಾ ಪೆರೂಸ್‌ಗೂ ಹೋಗಿ ಬಂದೆವು. ದಂಡೆ, ಬಂಡೆ, ಗಾಳಿ. ಹೇಳಿಕೊಳ್ಳುವ ಭವ್ಯತೆ ಏನೂ ಇಲ್ಲ. ಆದರೆ ಇಂತಹ ತಾಣದಿಂದ ಒಂದು ದೇಶದ ಆಟದ ರೀತಿಯೇ ಹೊರಟಿತೆಂಬುದು ನಮಗೆ ದೊಡ್ಡ ಸಂಗತಿಯಾಗಿ ಕಂಡಿತು. ಅದೇ ಮ್ಯಾಟ್ರವಿಲ್ ಶಾಲೆಯಲ್ಲಿ ಅವರೊಂದಿಗೆ ಕಲಿತ ಎಡ್ಡೀ ಜೋನ್ಸ್ ಮುಂದೆ ರಾಷ್ಟ್ರೀಯ ತಂಡದ ತರಬೇತುದಾರನಾದನು. ರ್‍ಯಾಂಡ್‌ವಿಕ್ ಕ್ಲಬ್ಬಿನವರೇ ಆದ ಬಾಬ್ ಡ್ವೈಯರ್ ತರಬೇತಿಯಲ್ಲಿ 1991ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಆಸ್ಟ್ರೇಲಿಯಾ ಇಂಗ್ಲೆಂಡನ್ನು 12–6ರಿಂದ ಸೋಲಿಸಿತು. 1999ರಲ್ಲಿ ಫ್ರಾನ್ಸನ್ನು 35–12ರಿಂದ ಗೆದ್ದು ಎರಡನೆಯ ಸಲ ವಿಶ್ವಕಪ್ಪನ್ನು ಎತ್ತಿದಾಗ, ಇಡೀ ಪಂದ್ಯಾವಳಿಯಲ್ಲಿ ಅವರು ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಒಂದೇ ಒಂದು ಟ್ರೈ. ಬುದ್ಧಿ, ಕೈಚಳಕ, ಕಟ್ಟುನಿಟ್ಟಿನ ರಕ್ಷಣೆ, ಇವೇ ಅವರ ಬಲ. ಇನ್ನೊಂದನ್ನು ಹೇಳದಿರಲಾಗದು: 1971ರಲ್ಲಿ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾ ತಂಡವು ಬಂದಾಗ, ದೇಶಕ್ಕಾಗಿ ಆಡಿದ್ದ ಏಳು ಜನರು ಅದರೆದುರು ಆಡಲೊಲ್ಲೆವೆಂದು ನಿಂತರು. ಅದನ್ನು ನಾವು ಯಾವ ಕಪ್ಪಿಗಿಂತಲೂ ಕಡಮೆಯೆಂದು ಎಣಿಸಲಾರೆವು.

ಇನ್ನು ದೌರ್ಬಲ್ಯ. ಮುಂದಿನ ಎಂಟು ಜನರ ಒತ್ತಾಟದಲ್ಲಿ ಅವರು ಬಹುಕಾಲ ಸೊರಗಿದರು. 2007ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿನ ಸ್ಕ್ರಮ್ ಅವರನ್ನು ಹಿಂದಕ್ಕೊತ್ತಿ 12–10ರಿಂದ ಮನೆಗೆ ಕಳುಹಿಸಿತು. ಟೊಂಗಾ, ಸಮೋವಾ ದ್ವೀಪಗಳ ಮೂಲದ ಬಲಿಷ್ಠ ಯುವಕರು ಬಂದ ಮೇಲೆ ಆ ಕೊರತೆಯು ಎಷ್ಟೋ ತುಂಬಿದೆ. ನಮಗೆ ತೋರುವಂತೆ ಅದಕ್ಕಿಂತ ಆಳವಾದ ಕೊರತೆ ಬೇರೆಯಿದೆ. ನ್ಯೂಜಿಲೆಂಡಿನ ಜನಸಂಖ್ಯೆ ಆಸ್ಟ್ರೇಲಿಯಾದ ಐದರಲ್ಲಿ ಒಂದು ಭಾಗದಷ್ಟು. ಆದರೂ 2003ರಲ್ಲಿ ಅವರಿಗೆ ಹೋದ ಬ್ಲೆಡಿಸ್ಲೋ ಕಪ್ 2025ರ ಪಂದ್ಯಗಳಲ್ಲಿಯೂ ಮರಳಲಿಲ್ಲ. ಅಲ್ಲಿ ರಗ್ಬಿಯೇ ನಾಡಿನ ಆಟ. ಇಲ್ಲಿ ಲೀಗ್, ಆಸ್ಟ್ರೇಲಿಯನ್ ಫುಟ್‌ಬಾಲ್, ಸಾಕರ್ ಎಲ್ಲವೂ ಅದೇ ಮಕ್ಕಳನ್ನು ಕರೆಯುತ್ತವೆ. ಯೂನಿಯನ್ ತನ್ನ ಶಾಲೆಗಳಲ್ಲಿ ಬೆಳೆದವರನ್ನೂ ಲೀಗಿಗೆ ಬಿಟ್ಟುಕೊಟ್ಟು, ಮುಂದೆ ಭಾರಿ ಹಣ ತೆತ್ತು ಮರಳಿ ಕರೆತರುವುದುಂಟು. ಜೋಸೆಫ್ ಸುವಾಲಿಯ ಕಥೆ ಅದೇ. ಪರ್ತ್ ನಗರದ ತಂಡವನ್ನು 2017ರಲ್ಲಿ ಸೂಪರ್ ರಗ್ಬಿಯಿಂದ ಕೈಬಿಟ್ಟು ಬಳಿಕ ಮರಳಿ ಸೇರಿಸಿಕೊಂಡರು. ಮೆಲ್ಬರ್ನಿನ ತಂಡವು 2024ರಲ್ಲಿ ಸಾಲದಿಂದ ಮುಚ್ಚಿಯೇ ಹೋಯಿತು. 2023ರ ವಿಶ್ವಕಪ್ಪಿನಲ್ಲಿ ಫಿಜಿಗೆ 22–15, ವೇಲ್ಸ್‌ಗೆ 40–6ರಿಂದ ಸೋತು, ಮೊದಲ ಬಾರಿಗೆ ಗುಂಪಿನ ಹಂತದಲ್ಲಿಯೇ ಹೊರಬಿದ್ದರು. ಆಗಲೂ ತರಬೇತುದಾರ ಎಡ್ಡೀ ಜೋನ್ಸನೇ.

ನಾವಿದ್ದಾಗ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ತಂಡವು ಅಲ್ಲಿಗೆ ಬಂದಿತ್ತು. ಜುಲೈ 26ರಂದು ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯಾ 23–5ರಿಂದ ಮುಂದಿದ್ದು, ಕೊನೆಯ ನಿಮಿಷದ ಟ್ರೈಗೆ 29–26ರಿಂದ ಸೋತಿತು. ಮೊಮ್ಮಗ ಊಟ ಮಾಡದೆ ಮಲಗಿದನು. ಆಗಸ್ಟ್ 2ರಂದು ಸಿಡ್ನಿಯಲ್ಲಿ ಸುರಿಯುವ ಮಳೆ. ಮಿಂಚಿನ ಅಪಾಯಕ್ಕಾಗಿ ಆಟವನ್ನು ಅರ್ಧ ಗಂಟೆಗೂ ಹೆಚ್ಚು ನಿಲ್ಲಿಸಿದರು. ಮರಳಿ ಬಂದು 22–12ರಿಂದ ಗೆದ್ದರು. ಸರಣಿ ಅದಾಗಲೇ ಕೈತಪ್ಪಿತ್ತು. ಎರಡು ವಾರದ ಬಳಿಕ, ಸಿಡ್ನಿಯಲ್ಲಿ ನಡುರಾತ್ರಿ ಒಂದು ಗಂಟೆ ಕಳೆದಿರಲು, ಜೋಹಾನ್ಸ್‌ಬರ್ಗಿನ ಎಲಿಸ್ ಪಾರ್ಕಿನಲ್ಲಿ 22–0ರಿಂದ ಹಿಂದೆ ಬಿದ್ದವರು 38–22ರಿಂದ ದಕ್ಷಿಣ ಆಫ್ರಿಕಾವನ್ನು ಮಣಿಸಿದರು. ಆ ಮೈದಾನದಲ್ಲಿ 1963ರ ನಂತರ ಅವರಿಗೆ ಅದೇ ಮೊದಲ ಗೆಲುವು. ನಮ್ಮನ್ನು ಎಬ್ಬಿಸಿ ಕೂರಿಸಿದ್ದ ಮೊಮ್ಮಗನ ಕೂಗಿಗೆ ನೆರೆಮನೆಯ ನಾಯಿಯೂ ದನಿಗೂಡಿಸಿತು.

2027ರ ವಿಶ್ವಕಪ್ ಆಸ್ಟ್ರೇಲಿಯಾದಲ್ಲಿ. ಅದಕ್ಕೆ ಮುಂಚೆ ನಮ್ಮ ಬಾಲಕನಿಗೊಂದು ತಂಡ ಬೇಕಿತ್ತಲ್ಲ! ಅಳಿಯಂದಿರು ವಿಚಾರಿಸಿ, ಕಾರಿನಲ್ಲಿ ಅರ್ಧ ಗಂಟೆಯ ದೂರದಲ್ಲಿ, ತಂದೆತಾಯಿಗಳೇ ಬಿಡುವಿನ ವೇಳೆಯಲ್ಲಿ ನಡೆಸುವ ಸಣ್ಣ ಕ್ಲಬ್ಬೊಂದನ್ನು ಹುಡುಕಿದರು. ಅಲ್ಲಿ ಗೆರೆ ಹಾಕುತ್ತಿದ್ದ ಸಮೋವಾದ ತಾಯಿಯೊಬ್ಬಳು ಹುಡುಗನ ಭುಜವನ್ನು ಮುಟ್ಟಿ ನೋಡಿ, "ಇವನು ಸಣಕಲ, ಹಿಂದೆ ಓಡಲಿ" ಎಂದು ನಕ್ಕು ಹೆಸರು ಬರೆದುಕೊಂಡಳು. ನಾವು ಹೊರಡುವ ಹಿಂದಿನ ದಿನ ಅವನಿಗೆ ಮೊಳೆಗಾಲಿನ ಬೂಟುಗಳನ್ನು ಕೊಡಿಸಿದೆವು. ಕುತ್ತಿಗೆಗೆ ಪೆಟ್ಟಾದರೇನು ಗತಿ ಎಂದು ಮಗಳು ಮಾತ್ರ ವಿಮಾನ ನಿಲ್ದಾಣದವರೆಗೂ ಕೇಳುತ್ತಲೇ ಇದ್ದಳು.