ಬರೆಯುವ ಕೈ

ಈ ವರ್ಷದ ಸಂಚಿಕೆಗೆ ನಮ್ಮ ಸೇವಾಕಾರ್ಯದ ಅನುಭವವನ್ನು ಕುರಿತು ಏನಾದರೂ ಬರೆದುಕೊಡಬೇಕೆಂದು ಶಾಲೆಯ ಗುರುಗಳು ಹಳೆಯ ವಿದ್ಯಾರ್ಥಿಗಳಾದ ನಮ್ಮನ್ನು ಕೇಳಿದ್ದಾರೆ. ಗುರುಗಳ ಮಾತನ್ನು ಮೀರುವಂತಿಲ್ಲ. ಆದರೆ ಸೇವೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹೆಮ್ಮೆಗಿಂತ ಮೊದಲು ಸಂಕೋಚವೇ ತಲೆದೋರುತ್ತದೆ. ಆ ಸಂಕೋಚಕ್ಕೆ ಕಾರಣ ಆನೆಗಳ ಒಂದು ಹಿಂಡು. ಮುಂಬಯಿಯಂಥ ನಗರದಲ್ಲಿ ಆನೆಗಳು ಎಲ್ಲಿಂದ ಬಂದವೆಂದು ಕೇಳುವಿರಾದರೆ, ಅದನ್ನೇ ಮೊದಲು ಹೇಳುತ್ತೇವೆ.

ನಾವು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ, ಅಂಧ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರು ಬೇಕಾಗಿದ್ದಾರೆಂದು ಶಾಲೆಗೆ ಕರೆ ಬಂದಿತು. ಹೀಗೆ ಬರೆದುಕೊಡುವವರನ್ನು ಕಾಗದಪತ್ರಗಳಲ್ಲಿ ಲಿಪಿಕಾರರೆನ್ನುತ್ತಾರೆ. ಆಡುಮಾತಿನಲ್ಲಿ ಅವರು ರೈಟರುಗಳು. ಪ್ರಶ್ನೆಯನ್ನು ಓದಿ ಹೇಳುವುದು, ಪರೀಕ್ಷಾರ್ಥಿ ಹೇಳಿದ ಉತ್ತರವನ್ನು ಹೇಳಿದಂತೆಯೇ ಬರೆಯುವುದು, ಇಷ್ಟೇ ಅವರ ಕೆಲಸ. ಅವರು ಪರೀಕ್ಷಾರ್ಥಿಗಿಂತ ಕೆಳಗಿನ ತರಗತಿಯವರಾಗಿರಬೇಕು. ಬರೆಯುವವರ ವಿದ್ಯೆ ಇನ್ನೊಬ್ಬರ ಉತ್ತರದೊಳಗೆ ನುಸುಳಬಾರದೆಂಬುದು ಆ ನಿಯಮದ ಉದ್ದೇಶ. ನಾವು ನಾಲ್ವರು ಉತ್ಸಾಹದಿಂದ ಹೆಸರು ಕೊಟ್ಟೆವು.

ಕನ್ನಡ ಪತ್ರಿಕೆಯ ದಿನ ಬಂದಿತು. ಪ್ರಬಂಧದ ವಿಷಯ ಮಳೆಗಾಲದ ಒಂದು ದಿನ. ನಮ್ಮಲ್ಲೊಬ್ಬಳು ಹುಟ್ಟಿನಿಂದಲೇ ಕಣ್ಣು ಕಾಣದ ಒಬ್ಬ ಹುಡುಗಿಗೆ ಬರೆಯುತ್ತಿದ್ದಳು. ನಮಗಿಂತ ಒಂದು ವರ್ಷ ದೊಡ್ಡವಳಾದ ಆಕೆಯನ್ನು ನಾವೆಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದೆವು. ಚಾಳಿನ ತಗಡಿನ ಮೇಲೆ ಬಿದ್ದ ಮೊದಲ ಹನಿಗಳ ಸದ್ದು, ಲೋಕಲ್ ಗಾಡಿಯ ಡಬ್ಬಿಯಲ್ಲಿ ಒದ್ದೆ ಕೊಡೆಗಳ ವಾಸನೆ, ಮಳೆಯ ಆರ್ಭಟದಲ್ಲಿ ನಿಲ್ದಾಣದ ಹೆಸರು ಕೇಳಿಸದೆ ಹೋದುದು, ಇವನ್ನೆಲ್ಲ ಅಕ್ಕ ಒಂದೊಂದಾಗಿ ಹೇಳಿದಳು. ಗೆಳತಿಗೆ ಇದರಲ್ಲಿ ಸೊಗಸು ಸಾಲದೆಂದು ತೋರಿತು. ಅವಳು ತಾನಾಗಿಯೇ, ಕರಿಮುಗಿಲುಗಳು ಮದ್ದಾನೆಗಳ ಹಿಂಡಿನಂತೆ ಆಗಸಕ್ಕೆ ನುಗ್ಗಿದವೆಂದು ಒಂದು ವಾಕ್ಯವನ್ನು ಸೇರಿಸಿದಳು.

ಕೊನೆಯಲ್ಲಿ ಅಕ್ಕ, "ಬರೆದದ್ದನ್ನು ಒಮ್ಮೆ ಓದು" ಎಂದಳು. ಗೆಳತಿ ಓದಿದಳು.

"ಈ ಆನೆಗಳು ಎಲ್ಲಿಂದ ಬಂದವು?"

"ಚೆನ್ನಾಗಿರುತ್ತದೆಂದು ಸೇರಿಸಿದೆ, ಅಕ್ಕ. ನಾಲ್ಕು ಅಂಕ ಹೆಚ್ಚು ಬರಬಹುದು."

"ಅವು ನಿನ್ನ ಆನೆಗಳು, ತಂಗಿ. ಮುಂದಿನ ವರ್ಷ ನಿನ್ನ ಪರೀಕ್ಷೆಗೆ ಇಟ್ಟುಕೊ. ನನ್ನ ಮಳೆಯಲ್ಲಿ ಆನೆಯಿಲ್ಲ. ಹೊಡೆದುಹಾಕು."

ಗೆಳತಿ ಹೊರಗೆ ಬಂದು ಇದನ್ನು ಹೇಳಿದಾಗ ನಾವು ನಕ್ಕೆವು. ಬಳಿಕ ನಗು ತಾನಾಗಿಯೇ ನಿಂತಿತು. ನಮ್ಮಲ್ಲೊಬ್ಬನು ಪರೀಕ್ಷಾರ್ಥಿ ಯೋಚಿಸುತ್ತಿದ್ದಾಗ ಅವಸರಪಡಿಸಿದ್ದನು. ಇನ್ನೊಬ್ಬನು ಒಂದು ಪದವನ್ನು ತಿದ್ದಿದ್ದನು. ಎಲ್ಲವೂ ಒಳ್ಳೆಯದಕ್ಕೆಂದೇ ಮಾಡಿದುದು. ಆದುದರಿಂದ ತಪ್ಪು ಒಬ್ಬಳದೆಂದು ಹೇಳುವಂತಿರಲಿಲ್ಲ.

ಓದು ಮುಗಿದು ನೌಕರಿ ಹಿಡಿದ ಮೇಲೂ ಆ ನಂಟು ಬಿಡಲಿಲ್ಲ. ನಾಲ್ವರಲ್ಲಿ ಇಬ್ಬರು ಉಪನಗರದ ಒಂದು ಚಿಕ್ಕ ಸಂಸ್ಥೆಯಲ್ಲಿ ಬಿಡುವಿನ ವೇಳೆ ಕೆಲಸ ಮಾಡತೊಡಗಿದೆವು. ಇನ್ನು ಮುಂದೆ ನಾವು ಎಂದರೆ ಆ ಇಬ್ಬರೆಂದು ತಿಳಿಯಬೇಕು. ಅಂಧರಿಗೆ ಬ್ರೈಲ್ ಪುಸ್ತಕಗಳನ್ನೂ ಧ್ವನಿಮುದ್ರಿತ ಪುಸ್ತಕಗಳನ್ನೂ ಒದಗಿಸುವುದು, ಪರೀಕ್ಷೆಗೆ ಲಿಪಿಕಾರರನ್ನು ಹುಡುಕಿಕೊಡುವುದು, ಕಂಪ್ಯೂಟರಿನ ಬಳಕೆಯನ್ನು ಕಲಿಸುವುದು ಆ ಸಂಸ್ಥೆಯ ಕೆಲಸ. ಲಾಭದ ಮಾತಿಲ್ಲ, ದಾನಿಗಳು ಕೊಟ್ಟ ಹಣದಿಂದಲೇ ಎಲ್ಲವೂ ನಡೆಯಬೇಕು. ಕೆಲವು ವರ್ಷಗಳ ಬಳಿಕ ನಾವು ಅದರ ಕಾರ್ಯಕಾರಿ ಸಮಿತಿಯ ಸದಸ್ಯರೂ ಆದೆವು. ಸಮಿತಿಯಲ್ಲಿ ಒಂಬತ್ತು ಜನ. ಒಂಬತ್ತು ಜನರಿಗೂ ಕಣ್ಣು ಕಾಣುತ್ತಿದ್ದಿತು. ಅದರಲ್ಲೇನಾದರೂ ವಿಚಿತ್ರವಿದೆಯೆಂದು ನಮಗೆ ಆಗ ತೋರಲಿಲ್ಲ.

ಇಂಥ ಸಂಸ್ಥೆಗಳನ್ನು ಕಟ್ಟಿದವರನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. ಈ ನಗರದಲ್ಲಿಯೇ ಫಾತಿಮಾ ಇಸ್ಮಾಯಿಲ್ ಅವರು, ಮಗಳಿಗೆ ಪೋಲಿಯೋ ತಗುಲಿದಾಗ ತಮ್ಮ ಮನೆಯ ದುಃಖವೊಂದನ್ನೇ ನೋಡುತ್ತ ಕುಳಿತುಬಿಡಲಿಲ್ಲ. ಅಂಥ ಎಲ್ಲ ಮಕ್ಕಳಿಗಾಗಿ 1947ರಲ್ಲಿ ಚಿಕಿತ್ಸೆಯ ಏರ್ಪಾಡನ್ನು ಆರಂಭಿಸಿದರು. ಅದರಿಂದ ಬೆಳೆದ ಮಕ್ಕಳ ಆಸ್ಪತ್ರೆ ಹಾಜಿ ಅಲಿಯ ಬಳಿ ಇದೆ. ಮಿದುಳಿನ ಪಾರ್ಶ್ವವಾಯುವಿನಿಂದ ಚಲನೆಗೂ ಮಾತಿಗೂ ತೊಡಕುಂಟಾದ ಮಕ್ಕಳಿಗಾಗಿ ಮಿಥು ಆಲೂರ್ ಅವರು 1972ರಲ್ಲಿ ಇಲ್ಲಿಯೇ ಸಂಸ್ಥೆಯೊಂದನ್ನು ತೆರೆದರು. ಅವರಿಗೂ ಪ್ರೇರಣೆ ತಮ್ಮ ಮಗಳೇ. ಆ ಮಗಳು ಮಾಲಿನಿ ಚಿಬ್ ಬೆಳೆದು, ಉನ್ನತ ಶಿಕ್ಷಣ ಪಡೆದು, ಒಂದೇ ಬೆರಳಿನಿಂದ ಅಕ್ಷರಗಳನ್ನೊತ್ತಿ ತಮ್ಮ ಜೀವನದ ಕಥೆಯನ್ನು ಬರೆದರು. ಅಂಗವೈಕಲ್ಯವುಳ್ಳವರ ಹಕ್ಕುಗಳಿಗಾಗಿ ತಾವೇ ಮುಂದೆ ನಿಂತರು. ತಾಯಿ ಕಟ್ಟಿದ ಮನೆಯಲ್ಲಿ ಮಗಳ ಮಾತು ನಡೆಯಲು ಎಡೆಯಿದ್ದಿತು ಎಂಬುದೇ ಇದರಲ್ಲಿ ನಾವು ಗಮನಿಸಬೇಕಾದ ಸಂಗತಿ.

ನಮ್ಮ ಚಿಕ್ಕ ಸಂಸ್ಥೆಯಲ್ಲಿ ಅಂಥ ಎಡೆಯಿದ್ದಿತೇ ಎಂಬುದರ ಪರೀಕ್ಷೆ ಒಂದು ವರ್ಷ ಬಂದಿತು. ಕಾರ್ಯದರ್ಶಿಗಳು ವಯಸ್ಸಾಯಿತೆಂದು ಹೊಣೆಯನ್ನು ಬಿಟ್ಟುಕೊಟ್ಟರು. ಅವರ ಸ್ಥಾನಕ್ಕೆ ಎರಡು ಹೆಸರುಗಳು ಸೂಚಿತವಾದವು. ಒಬ್ಬರು ನಿವೃತ್ತರಾದ ಅಧಿಕಾರಿಗಳು, ಸಜ್ಜನರು. ಇನ್ನೊಬ್ಬರು ಹನ್ನೆರಡು ವರ್ಷಗಳಿಂದ ನಮ್ಮಲ್ಲಿಯೇ ಕಲಿಸುತ್ತಿದ್ದ ಮಾಸ್ತರರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಸಂಸ್ಥೆಯ ಮೂಲೆಮೂಲೆಯನ್ನೂ ಅವರು ಬಲ್ಲವರೆಂಬುದನ್ನು ಎಲ್ಲರೂ ಒಪ್ಪಿದರು. ಆದರೆ, ಲೆಕ್ಕಪತ್ರ ನೋಡುವವರಾರು? ಚೆಕ್ಕಿಗೆ ಸಹಿ ಮಾಡುವುದು ಹೇಗೆ? ದೊಡ್ಡ ದಾನಿಗಳು ಏನೆಂದುಕೊಂಡಾರು? ಈ ಮೂರು ಪ್ರಶ್ನೆಗಳು ಮೇಜಿನ ಸುತ್ತ ಒಂದು ಸುತ್ತು ಬಂದವು. ಕೊನೆಗೆ ಅಧಿಕಾರಿಗಳ ಪರವಾಗಿ ಕೈಗಳು ಎದ್ದವು. ಅವುಗಳಲ್ಲಿ ನಮ್ಮ ಕೈಗಳೂ ಇದ್ದವು.

ಮರುದಿನ ಮಾಸ್ತರರು ಕಚೇರಿಗೆ ಬಂದು, "ನಿನ್ನೆಯ ಠರಾವನ್ನು ಒಮ್ಮೆ ಓದಿ ಹೇಳುವಿರಾ?" ಎಂದು ಕೇಳಿದರು. ನಾವು ಓದಿದೆವು. ಅಂಧ ಬಂಧುಗಳ ಹಿತವನ್ನೇ ಗಮನದಲ್ಲಿಟ್ಟುಕೊಂಡು ಸಮಿತಿಯು ಈ ತೀರ್ಮಾನವನ್ನು ಕೈಗೊಂಡಿದೆ ಎಂದು ಅದರಲ್ಲಿದ್ದಿತು.

"ಅಂಧ ಬಂಧುಗಳಲ್ಲಿ ಯಾರನ್ನು ಕೇಳಿದಿರಿ?" ಎಂದರು ಮಾಸ್ತರರು. ದನಿಯಲ್ಲಿ ಸಿಟ್ಟಿರಲಿಲ್ಲ. ಉತ್ತರಕ್ಕಾಗಿ ಸ್ವಲ್ಪ ಹೊತ್ತು ನಿಂತು, ಎಂದಿನಂತೆ ಪಾಠ ಹೇಳಲು ಹೋದರು.

ಆ ಸಂಜೆ ಲೋಕಲ್ ಗಾಡಿಯಲ್ಲಿ ನಾವಿಬ್ಬರೂ ಹೆಚ್ಚು ಮಾತನಾಡಲಿಲ್ಲ. ಮನಸ್ಸಿನಲ್ಲಿ ಆನೆಗಳ ಹಿಂಡೇ ನಡೆಯುತ್ತಿದ್ದಿತು. ಅಂದು ಗೆಳತಿ ಸೇರಿಸಿದುದು ಒಂದು ವಾಕ್ಯ. ಅಕ್ಕ ಅದನ್ನು ಹೊಡೆದುಹಾಕಿಸಿದಳು. ಈಗ ನಾವು ಒಂದು ಸಂಸ್ಥೆಯ ಉತ್ತರವನ್ನೇ ನಮ್ಮ ಮನಸ್ಸಿಗೆ ಬಂದಂತೆ ಬರೆದುಬಿಟ್ಟಿದ್ದೆವು. ನಮ್ಮ ಮೂರು ಪ್ರಶ್ನೆಗಳಾದರೂ ಎಂಥವು! ಕಂಪ್ಯೂಟರಿನ ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆಯಿಂದ ಲೆಕ್ಕ ಬರೆಯುವುದನ್ನು ನೂರಾರು ಜನರಿಗೆ ಕಲಿಸಿದವರು ಇದೇ ಮಾಸ್ತರರು. ಕಣ್ಣು ಕಾಣದವರಿಗೆ ಚೆಕ್ ಪುಸ್ತಕವನ್ನು ನಿರಾಕರಿಸಬಾರದೆಂದು ರಿಜರ್ವ್ ಬ್ಯಾಂಕು 2008ರಲ್ಲಿಯೇ ಎಲ್ಲ ಬ್ಯಾಂಕುಗಳಿಗೂ ಸೂಚಿಸಿದ್ದಿತು. ಉಳಿದುದು ದಾನಿಗಳ ಮಾತು. ಅವರನ್ನೂ ನಾವು ಕೇಳಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನಾಚಿಸಿದುದು ಬೇರೊಂದು ನೆನಪು. ನಮ್ಮಲ್ಲೊಬ್ಬರ ಮನೆತನ ಗದುಗಿನ ಕಡೆಯದು. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ಕೇಳದ ಕನ್ನಡಿಗರು ವಿರಳ. ಪಂಚಾಕ್ಷರಿ ಗವಾಯಿಗಳು ಅಂಧರು. ಅಂಧ ಬಾಲಕರನ್ನೂ ಬಡ ಬಾಲಕರನ್ನೂ ಕೂಡಿಸಿಕೊಂಡು, ಅನ್ನವನ್ನೂ ಸಂಗೀತವನ್ನೂ ಕೊಟ್ಟು ಬೆಳೆಸಿದರು. 1944ರಲ್ಲಿ ಅವರು ತೀರಿಕೊಂಡಾಗ ಹೊಣೆಯನ್ನು ಹೊತ್ತವರು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು, ಅವರೂ ಅಂಧರೇ. ನಾಟಕ ಮಂಡಳಿಯನ್ನು ನಡೆಸಿ, ಊರೂರು ತಿರುಗಿ, 2010ರಲ್ಲಿ ದೇಹ ಬಿಡುವವರೆಗೆ ಅರುವತ್ತಾರು ವರ್ಷ ಆ ದೊಡ್ಡ ಮನೆಯನ್ನು ನಡೆಸಿದರು. ಅದೇ ವರ್ಷ ಭಾರತ ಸರಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. ಇಂದಿನ ಕಾಲದ ಉದಾಹರಣೆಯೂ ಇದೆ: ಬೆಂಗಳೂರಿನ ಸಮರ್ಥನಂ ಸಂಸ್ಥೆಯನ್ನು 1997ರಲ್ಲಿ ಸ್ಥಾಪಿಸಿದ ಮಹಾಂತೇಶ್ ಅವರು ಸ್ವತಃ ದೃಷ್ಟಿಯಿಲ್ಲದವರು. ಗದುಗಿನ ಕಥೆಯನ್ನು ಬಾಲ್ಯದಿಂದಲೂ ಕೇಳಿ ಬೆಳೆದ ನಾವು, ಕಣ್ಣು ಕಾಣದವರು ಸಂಸ್ಥೆಯನ್ನು ಹೇಗೆ ನಡೆಸಿಯಾರು ಎಂದು ತಲೆದೂಗಿದ್ದೆವು.

ಈ ತಪ್ಪನ್ನು ದೊಡ್ಡ ದೊಡ್ಡವರೂ ಮಾಡಿದ್ದಾರೆಂಬುದನ್ನು ಮುಂದೆ ಓದಿ ತಿಳಿದೆವು. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಕಿವುಡರಿಗಾಗಿ ಗ್ಯಾಲಾಡೆಟ್ ಎಂಬ ವಿಶ್ವವಿದ್ಯಾಲಯವಿದೆ. 1864ರಲ್ಲಿ ಲಿಂಕನ್ ಅವರ ಸಹಿಯಿಂದ ಅದಕ್ಕೆ ಪದವಿ ನೀಡುವ ಅಧಿಕಾರ ದೊರೆಯಿತು. ಆ ಬಳಿಕ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಕಿವುಡರೊಬ್ಬರೂ ಅದರ ಅಧ್ಯಕ್ಷರಾಗಲಿಲ್ಲ. 1988ರ ಮಾರ್ಚಿಯಲ್ಲಿ ಕೊನೆಯ ಆಯ್ಕೆಗೆ ಉಳಿದ ಮೂವರಲ್ಲಿ ಇಬ್ಬರು ಕಿವುಡರು. ಆಡಳಿತ ಮಂಡಳಿಯಾದರೋ ಮೂರನೆಯವರನ್ನು, ಕಿವಿ ಕೇಳಿಸುವ, ಸಂಜ್ಞಾಭಾಷೆಯನ್ನರಿಯದ ಒಬ್ಬ ಮಹಿಳೆಯನ್ನು ಆರಿಸಿತು. ವಿದ್ಯಾರ್ಥಿಗಳು ಬಾಗಿಲುಗಳನ್ನು ಮುಚ್ಚಿ ಕುಳಿತರು. ಒಂದು ವಾರದೊಳಗೆ ಆಕೆ ಸ್ಥಾನವನ್ನು ಬಿಟ್ಟುಕೊಟ್ಟರು. ಕಿವುಡರಾದ ಕಿಂಗ್ ಜೋರ್ಡನ್ ಅಧ್ಯಕ್ಷರಾದರು. ಮಂಡಳಿಯಲ್ಲಿ ಕಿವುಡರೇ ಬಹುಸಂಖ್ಯಾತರಾಗಬೇಕೆಂದೂ ಒಪ್ಪಿಗೆಯಾಯಿತು. ನಮ್ಮ ಮಾಸ್ತರರು ಬಾಗಿಲು ಮುಚ್ಚಲಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಕೇಳಿದರು.

ಹೊಸ ಕಾರ್ಯದರ್ಶಿಗಳು ತಮ್ಮ ಎರಡು ವರ್ಷಗಳನ್ನು ಪ್ರಾಮಾಣಿಕವಾಗಿಯೇ ನಡೆಸಿದರು. ಅವಧಿ ಮುಗಿದಾಗ ನಾವು ಮಾಸ್ತರರ ಹೆಸರನ್ನು ಸೂಚಿಸಿದೆವು. ಹಿಂದಿನ ಬಾರಿ ನಾವು ಕೈಯೆತ್ತಿದುದು ತಪ್ಪೆಂದೂ ಸಭೆಯಲ್ಲಿ ಹೇಳಿದೆವು. ಒಂದೇ ಮತದ ಅಂತರದಿಂದ ಅವರು ಆರಿಸಿಬಂದರು. ಬಳಿಕ ಪವಾಡವೇನೂ ನಡೆಯಲಿಲ್ಲ. ಒಬ್ಬ ದಾನಿ ದೂರ ಸರಿದರು. ಒಂದು ಮಳೆಗಾಲ ಬಾಡಿಗೆಗೂ ತಾಪತ್ರಯವಾಯಿತು. ಆದರೆ ಮಾಸ್ತರರು ಮೊದಲ ವಾರದಲ್ಲಿಯೇ ಒಂದು ಚಿಕ್ಕ ಕೆಲಸ ಮಾಡಿದರು. ನಮ್ಮ ಪುಸ್ತಕಾಲಯ ಬೆಳಿಗ್ಗೆ 11ರಿಂದ ಸಂಜೆ 4ರ ವರೆಗೆ ತೆರೆದಿರುತ್ತಿದ್ದಿತು. ಅವರು ಅದನ್ನು ರಾತ್ರಿ 8ರ ವರೆಗೆ ತೆರೆದಿರಿಸಿದರು.

ಅದುವರೆಗೆ ನಾವು ಪ್ರತಿವರ್ಷವೂ, ಪುಸ್ತಕಗಳಿಗೆ ಬೇಡಿಕೆ ಕಡಿಮೆ ಎಂದು ವರದಿಯಲ್ಲಿ ಬರೆಯುತ್ತಿದ್ದೆವು. ಬೇಡಿಕೆ ಕಡಿಮೆಯಿರಲಿಲ್ಲ. ಬ್ಯಾಂಕುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ಅಂಧರಿಗೆ ನಾಲ್ಕು ಗಂಟೆಯೊಳಗೆ ಬರುವುದು ಸಾಧ್ಯವಿರಲಿಲ್ಲ. ನಾವು ಇಟ್ಟಿದ್ದ ವೇಳೆ ನಮ್ಮ ಅನುಕೂಲದ ವೇಳೆ. ಆ ವರದಿಯ ವಾಕ್ಯವೂ ನಮ್ಮದೇ ಆನೆ. ಇಷ್ಟು ಸರಳವಾದ ಸಂಗತಿ ಒಂಬತ್ತು ಜೊತೆ ಕಣ್ಣುಗಳಿಗೆ ಕಾಣದೆ ಹೋಗಿದ್ದಿತು.

ಈಗ ಇದು ನಮ್ಮ ಇಷ್ಟಾನಿಷ್ಟದ ಮಾತಾಗಿಯೂ ಉಳಿದಿಲ್ಲ. ಅಂಗವೈಕಲ್ಯವುಳ್ಳವರಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಅವರನ್ನೇ ಅವರ ಸಂಸ್ಥೆಗಳ ಮೂಲಕ ಸಮಾಲೋಚಿಸಬೇಕೆಂದು ಸಂಯುಕ್ತ ರಾಷ್ಟ್ರ ಸಂಸ್ಥೆಯ 2006ರ ಒಡಂಬಡಿಕೆ ಸರಕಾರಗಳಿಗೆ ವಿಧಿಸುತ್ತದೆ. ಭಾರತ ಅದನ್ನು 2007ರಲ್ಲಿ ಅಂಗೀಕರಿಸಿತು. ಅದಕ್ಕನುಸಾರವಾಗಿ 2016ರಲ್ಲಿ ಹೊಸ ಕಾಯಿದೆಯನ್ನೂ ಮಾಡಿತು. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಅಂಗವೈಕಲ್ಯವುಳ್ಳವರ ಸಂಖ್ಯೆ 2 ಕೋಟಿ 68 ಲಕ್ಷ. ಇಷ್ಟು ಜನರ ಉತ್ತರವನ್ನು ಬೇರೆಯವರು ಊಹಿಸಿ ಬರೆಯುವುದು ಹೇಗೆ ಸರಿಯಾದೀತು?

ಹಾಗಾದರೆ ಕಣ್ಣು ಕಾಣುವವರಿಗೆ ಅಲ್ಲಿ ಕೆಲಸವಿಲ್ಲವೇ ಎಂದು ನೀವು ಕೇಳಬಹುದು. ಬೇಕಾದಷ್ಟಿದೆ. ನಾವು ಇಂದಿಗೂ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುತ್ತೇವೆ, ಕಾಗದ ಬರೆಯುತ್ತೇವೆ, ದಾನಿಗಳ ಮನೆಬಾಗಿಲಿಗೆ ಹೋಗುತ್ತೇವೆ. ಸಂಸ್ಥೆಗೆ ಕೈಗಳು ಬೇಕು. ಕೈಯಾಗಿ ಬಂದವರು ಬಾಯಿಯನ್ನೂ ತಮ್ಮದೆಂದುಕೊಳ್ಳಬಾರದು, ಅಷ್ಟೆ. ಕಣ್ಣುಳ್ಳವರು ಮುಖ್ಯಸ್ಥರಾಗಿದ್ದರೆ ಅವರ ಕೆಲಸವೂ ಲಿಪಿಕಾರನ ಕೆಲಸವೇ. ಸಮಯ ಬಂದಾಗ ಲೇಖನಿಯನ್ನೂ ಕುರ್ಚಿಯನ್ನೂ ಬಿಟ್ಟುಕೊಡಲು ಸಿದ್ಧರಾಗಿರಬೇಕು.

ವಿದ್ಯಾರ್ಥಿ ಮಿತ್ರರೇ, ಪರೀಕ್ಷೆಗಳು ಹತ್ತಿರ ಬರುತ್ತಿವೆ. ನಿಮ್ಮ ತರಗತಿಗೂ ಲಿಪಿಕಾರರು ಬೇಕೆಂಬ ಕರೆ ಬಂದೀತು. ತಪ್ಪದೆ ಹೋಗಿರಿ. ದುಂಡಗೆ ಬರೆಯಿರಿ, ಅವಸರಪಡಿಸಬೇಡಿರಿ. ಬರೆದು ಮುಗಿದ ಮೇಲೆ, ಅವರು ಕೇಳುವ ಮೊದಲೇ, ಎಲ್ಲವನ್ನೂ ಒಮ್ಮೆ ಓದಿ ಹೇಳಿರಿ. ಹೊಡೆದುಹಾಕು ಎಂದರೆ ಮರುಮಾತಿಲ್ಲದೆ ಹೊಡೆದುಹಾಕಿರಿ.